ಹಲಸಿನ ಬೀಜ ಒಣಗಿಸಬೇಡಿ

ಮಳೆ ಹಿಡಿಯುವ ಹೊತ್ತಿಗೆ ರೈತರೊಬ್ಬರು ಚೀಲದ ತುಂಬ ಹಲಸಿನ ಬೀಜ ತಂದು ಮೇಜಿನ ಮೇಲೆ ಸುರಿದರು. "ನೋಡಿ ಸಾರ್, ಅವರೆ ಬೀಜದ ಹಾಗೇ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಇಟ್ಟಿದ್ದೆ. ಇನ್ನೂರು ಹಾಕಿದೆ, ಒಂದೂ ಹುಟ್ಟಲಿಲ್ಲ." ಅವರ ಶ್ರಮ ನೋಡಿ ಸಂಕಟವಾಯಿತು. ಒಣಗಿಸಿದ್ದೇ ಬೀಜವನ್ನು ಕೊಂದಿತ್ತು.

ಹಸಿ ಬೀಜವೊಂದನ್ನು ಸುಲಿದು ನೋಡಿ. ಮೊದಲು ಕೈಗೆ ಬರುವ ಬಿಳಿ ಪೊರೆ ಬೀಜದ್ದಲ್ಲ. ಅದು ಅಂಡಾಶಯದ, ಅಂದರೆ ಹೂವಿನಲ್ಲಿ ಬೀಜ ಕಟ್ಟುವ ಭಾಗದ ಗೋಡೆ. ಸಸ್ಯಶಾಸ್ತ್ರದ ಪ್ರಕಾರ ನಿಜವಾದ ಹಣ್ಣು ಅದೇ. ನಾವು ಸವಿಯುವ ತೊಳೆ, ಹೂವಿನ ಹೊದಿಕೆ ಉಬ್ಬಿ ಆದದ್ದು. ಪೊರೆಯ ಕೆಳಗಿನ ತೆಳು ಕಂದು ಸಿಪ್ಪೆ ಬೀಜಕವಚ. ಅದರೊಳಗೆ ಒಂದು ದೊಡ್ಡದು, ಒಂದು ಚಿಕ್ಕದು ಹೀಗೆ ಎರಡು ಬೀಜದಳ, ತುದಿಯಲ್ಲಿ ಪುಟ್ಟ ಮೊಳಕೆ. ಅವರೆ, ತೊಗರಿ ಬೀಜಗಳು ಗಿಡದಲ್ಲೇ ನೀರು ಕಳೆದುಕೊಂಡು ನಿದ್ದೆಗೆ ಜಾರುತ್ತವೆ, ಮುಂದಿನ ಮಳೆಗೆ ಕಾಯುತ್ತವೆ. ಹಲಸಿನ ಬೀಜಕ್ಕೆ ಆ ನಿದ್ದೆಯೇ ಇಲ್ಲ. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ತೀರಾ ಕಳಿತ ಹಣ್ಣು ಕೊಯ್ದಾಗ ಒಳಗೇ ಮೊಳಕೆ ಬಂದಿರುವುದನ್ನು ನೀವೂ ಕಂಡಿರಬಹುದು.

ಇನ್ನು ಹಣ್ಣು. ಮಾವು ಒಂದು ಹೂವಿನ ಒಂದೇ ಅಂಡಾಶಯದಿಂದ ಆದ ಸರಳ ಫಲ. ಸೀತಾಫಲದಲ್ಲಿ ಒಂದೇ ಹೂವಿನ ಹಲವು ಅಂಡಾಶಯಗಳು ಕೂಡಿಕೊಂಡಿವೆ. ಹಲಸಿನಲ್ಲೋ ಇಡೀ ಹೂಗೊಂಚಲೇ ಒಂದಾಗಿ ಬೆಳೆದಿದೆ. ಅದಕ್ಕೇ ಸಂಯುಕ್ತ ಫಲ ಅನ್ನುತ್ತೇವೆ. ಹೊರಗಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ತುದಿ. ಪರಾಗ ತಾಗಿ ಫಲ ಕಟ್ಟಿದ ಹೂವು ತೊಳೆಯಾಗುತ್ತದೆ, ಕಟ್ಟದ್ದು ತೊಳೆಗಳ ನಡುವೆ ನಾರಾಗಿ ಉಳಿಯುತ್ತದೆ. ಕಾಯಿ ಒಂದು ಕಡೆ ಸೊಟ್ಟಗಾಗಿದ್ದರೆ ಆ ಭಾಗದ ಹೂಗಳಿಗೆ ಪರಾಗ ಸರಿಯಾಗಿ ತಲುಪಿರಲಿಕ್ಕಿಲ್ಲ.

ಪರಾಗ ಅಕ್ಕಪಕ್ಕದ ಬೇರೆ ಬೇರೆ ಮರಗಳಿಂದ ಬರಬಹುದಾದ್ದರಿಂದ ಒಂದೇ ಹಣ್ಣಿನ ಬೀಜಗಳು ಒಂದೇ ರುಚಿಯ ಮರಗಳಾಗುವುದಿಲ್ಲ. ಗುಬ್ಬಿ ತಾಲ್ಲೂಕು ಚೇಳೂರಿನ ಸಿದ್ದು ಹಲಸಿನ ಆ ತಾಮ್ರಗೆಂಪು ತೊಳೆ ಬೇಕೆಂದರೆ ಅದರ ಬೀಜ ಹಾಕಿ ಕಾಯಬೇಡಿ, ಕಸಿ ಗಿಡವನ್ನೇ ತನ್ನಿ. ಕಸಿ ಕಟ್ಟಲು ಬುಡವಾಗುವ ಬೇರುಸಸಿಗಾದರೆ ಬೀಜ ಸಾಕು: ಹಣ್ಣು ಬಿಡಿಸಿದ ದಿನವೇ ಲೋಳೆ ತೊಳೆದು, ಆಳವಾದ ಚೀಲದಲ್ಲಿ ಅಡ್ಡ ಮಲಗಿಸಿ ಊರಿ.