ಪದ ಪರಿಚಯ: ಆರ್ಟರಿ

ಹೃದಯದಿಂದ ಹೊರಟ ರಕ್ತವನ್ನು ದೇಹದ ವಿವಿಧ ಭಾಗಗಳಿಗೆ ಒಯ್ಯುವ ನಾಳಕ್ಕೆ ಇಂಗ್ಲಿಷಿನಲ್ಲಿ ಆರ್ಟರಿ ಎನ್ನುತ್ತಾರೆ. ನಮ್ಮ ಪಠ್ಯಪುಸ್ತಕಗಳಲ್ಲಿ ಅದು ಅಪಧಮನಿ. ಲ್ಯಾಟಿನ್ ಮೂಲಕ ಬಂದ ಈ ಪದದ ಮೂಲ ಗ್ರೀಕಿನ ‘ಆರ್ಟೀರಿಯಾ’. ಆದರೆ ಪ್ರಾಚೀನ ಗ್ರೀಕರು ಇದೇ ಹೆಸರಿನಿಂದ ಶ್ವಾಸನಾಳವನ್ನೂ ಕರೆಯುತ್ತಿದ್ದರು.

ಉಸಿರಿನ ಕೊಳವೆಗೂ ರಕ್ತದ ಕೊಳವೆಗೂ ಒಂದೇ ಹೆಸರು ಬಂದದ್ದಕ್ಕೆ ಶವಗಳ ಪರೀಕ್ಷೆಯೇ ಕಾರಣವಾಗಿರಬೇಕು. ಹೃದಯ ನಿಂತ ಮೇಲೆ ಅಪಧಮನಿಗಳ ದಪ್ಪನೆಯ, ಹಿಗ್ಗಿ ಕುಗ್ಗುವ ಗೋಡೆಗಳು ಸಂಕುಚಿಸಿ, ಒಳಗಿನ ರಕ್ತದ ಬಹುಭಾಗವನ್ನು ಅಭಿಧಮನಿಗಳ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳ, ಕಡೆಗೆ ತಳ್ಳಿಬಿಡುತ್ತವೆ. ಹೀಗಾಗಿ ಶವವನ್ನು ಕೊಯ್ದು ನೋಡಿದವರಿಗೆ ಅವು ಬರಿದಾಗಿ ಕಂಡವು. ಕ್ರಿಸ್ತಪೂರ್ವ 3ನೆಯ ಶತಮಾನದ ಗ್ರೀಕ್ ವೈದ್ಯ ಎರಸಿಸ್ಟ್ರಾಟಸ್, ಅಪಧಮನಿಗಳಲ್ಲಿ ಹರಿಯುವುದು ‘ನ್ಯೂಮಾ’ ಎಂಬ ಪ್ರಾಣವಾಯು ಎಂದೇ ನಂಬಿದ್ದನು. ಗಾಯವಾದಾಗ ರಕ್ತ ಚಿಮ್ಮುವುದೇಕೆ ಎಂಬ ಪ್ರಶ್ನೆಗೂ ಅವನಲ್ಲಿ ಉತ್ತರವಿತ್ತು: ವಾಯು ಹೊರಹೋದೊಡನೆ ಆ ತೆರವನ್ನು ತುಂಬಲು ಅಭಿಧಮನಿಗಳಿಂದ ರಕ್ತ ನುಗ್ಗಿ ಬರುತ್ತದೆ. ತಪ್ಪಾದರೂ ಇದು ಕಣ್ಣಿಗೆ ಕಂಡದ್ದರಿಂದ ತರ್ಕಬದ್ಧವಾಗಿ ಕಟ್ಟಿದ ವಾದವೆಂಬುದನ್ನು ಒಪ್ಪಲೇಬೇಕು.

ಇದನ್ನು ಅಲ್ಲಗಳೆದವನು ಕ್ರಿಸ್ತಶಕ 2ನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್. ಅವನು ಜೀವಂತ ಪ್ರಾಣಿಯ ಅಪಧಮನಿಯನ್ನು ಎರಡು ಕಡೆ ದಾರದಿಂದ ಬಿಗಿದು, ನಡುವಿನ ಭಾಗವನ್ನು ಕೊಯ್ದು ತೋರಿಸಿದನು. ಎರಡೂ ಕಡೆಯಿಂದ ಏನೂ ಒಳಬರಲಾಗದ ಆ ತುಂಡಿನಲ್ಲಿ ಇದ್ದದ್ದು ರಕ್ತವೇ. ರಕ್ತ ದೇಹದಲ್ಲಿ ಸುತ್ತಿ ಮರಳುತ್ತದೆ ಎಂಬುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಪ್ರಕಟಿಸಿದ್ದು 1628ರಲ್ಲಿ. ಅಷ್ಟರಲ್ಲಿ ಹೆಸರು ಗಟ್ಟಿಯಾಗಿ ನೆಲೆಯೂರಿತ್ತು.

ಎರಡಕ್ಕೂ ಒಂದೇ ಹೆಸರಿದ್ದುದರಿಂದ ಗ್ರೀಕರು ಶ್ವಾಸನಾಳವನ್ನು ‘ಒರಟು ಆರ್ಟೀರಿಯಾ’ ಎಂದು ಬೇರ್ಪಡಿಸಿದರು. ಮೃದ್ವಸ್ಥಿಯ ಉಂಗುರಗಳಿಂದಾಗಿ ಅದರ ಮೈ ಉಬ್ಬುತಗ್ಗಾಗಿರುತ್ತದೆ. ಒರಟು ಎಂಬರ್ಥದ ಗ್ರೀಕ್ ವಿಶೇಷಣವೇ ‘ಟ್ರಾಖೇಯಾ’. ಕಾಲಕ್ರಮದಲ್ಲಿ ನಾಮಪದ ಬಿದ್ದುಹೋಗಿ, ವಿಶೇಷಣವೊಂದೇ ಟ್ರೇಕಿಯಾ ಎಂಬ ಹೆಸರಾಗಿ ಉಳಿಯಿತು.

ಆರ್ಟೀರಿಯಾ ಎಂದರೆ ‘ವಾಯುವನ್ನು ಹಿಡಿದಿಡುವುದು’ ಎಂಬ ಹಳೆಯ ನಿಷ್ಪತ್ತಿಯೊಂದಿದೆ. ಅದು ಆಕರ್ಷಕವಾಗಿದೆ, ಆದರೆ ಎತ್ತು, ತೂಗುಹಾಕು ಎಂಬರ್ಥದ ಗ್ರೀಕ್ ಕ್ರಿಯಾಪದದಿಂದ ಬಂದಿರಬಹುದೆಂಬ ಊಹೆಯೇ ಹೆಚ್ಚು ಸಮಂಜಸ. ಹೃದಯದಿಂದ ಹೊರಡುವ ಮಹಾಪಧಮನಿಯ ‘ಅಯೋರ್ಟಾ’ ಎಂಬ ಹೆಸರನ್ನೂ ಅದೇ ಕ್ರಿಯಾಪದಕ್ಕೆ ಜೋಡಿಸುತ್ತಾರೆ. ಗಾಳಿಯ ನಂಟು ನಿಸ್ಸಂಶಯವಾಗಿ ಇರುವುದು ನಮ್ಮ ‘ಧಮನಿ’ಯಲ್ಲಿ: ಅದು ‘ಊದು’ ಎಂಬರ್ಥದ ಸಂಸ್ಕೃತ ಧಾತುವಿನಿಂದ ಹುಟ್ಟಿದೆ.