30 ಇಂಚಿನ ಮೇಜು, 4 ಅಡಿಯ ಮಗು

"ಬೆಳೆಯೋ ಮಗು ಅಲ್ವಾ ಮೇಡಂ, ದೊಡ್ಡದೇ ಮಾಡಿಸಿಬಿಡೋಣ. ಪಿಯುಸಿವರೆಗೂ ಬರುತ್ತೆ."

ಮಕ್ಕಳಿಗೆ ಸ್ಟಡಿ ಟೇಬಲ್ ಮಾಡಿಸುವ ಮಾತು ಬಂದರೆ ಸಾಕು, ಅಪ್ಪನೋ ಅಮ್ಮನೋ ಇದನ್ನು ಹೇಳಿಯೇ ಹೇಳುತ್ತಾರೆ. ಯೂನಿಫಾರಂ ಎರಡು ಸೈಜ್ ದೊಡ್ಡದು ಹೊಲಿಸಿ, ತೋಳು ಮಡಚಿ ಹಾಕಿಸುವ ಲೆಕ್ಕಾಚಾರ. ಯೂನಿಫಾರಂ ಆದರೆ ಮಡಚಬಹುದು. ಮೇಜನ್ನು ಹೇಗೆ ಮಡಚುತ್ತೀರಿ?

ಬೆಂಗಳೂರಿನ ಮನೆಗಳಿಗೆ ಒಳಗಿನ ಮರಗೆಲಸ ಮಾಡಿಸಿಕೊಡುವುದು ನನ್ನ ಕೆಲಸ. ಮೈಕಾ ಬಣ್ಣಕ್ಕೆ ಅರ್ಧ ದಿನ ಚರ್ಚೆ ಆಗುತ್ತದೆ. ಪೂರ್ವಕ್ಕೆ ಮುಖ ಬರಬೇಕಾ ಉತ್ತರಕ್ಕಾ ಅಂತ ಊರಿನಿಂದ ಮಾವನವರ ಫೋನ್ ಬರುತ್ತದೆ. ಪುಸ್ತಕದ ಕಪಾಟಿಗೆ ಗಾಜಿನ ಬಾಗಿಲು ಬೇಕಾ, ಪ್ರಿಂಟರ್ ಎಲ್ಲಿಡೋದು, ಟ್ರೋಫಿ ಎಲ್ಲಿಡೋದು (ಮಗು ಇನ್ನೂ ಒಂದನೇ ಕ್ಲಾಸು) ಎಲ್ಲ ಮಾತಾಡುತ್ತೇವೆ. ಎತ್ತರ ಎಷ್ಟು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕಾರ್ಪೆಂಟರ್ "ಢಾಯಿ ಫೂಟ್" ಅಂತ ಗೋಡೆ ಮೇಲೆ ಪೆನ್ಸಿಲ್ ಗೀಟು ಎಳೆಯುತ್ತಾನೆ, ಅಲ್ಲಿಗೆ ಮುಗಿಯಿತು. ಎರಡೂವರೆ ಅಡಿ, ಅಂದರೆ 30 ಇಂಚು. ಆ ಹೊತ್ತಿಗೆ ಮೇಜಿನ ಯಜಮಾನ ಸ್ಕೂಲಿನಲ್ಲಿರುತ್ತಾನೆ.

ಈ 30 ಇಂಚು ಯಾರ ಅಳತೆ ಗೊತ್ತಾ? ಯುರೋಪಿನಲ್ಲಿ ಶಾಲೆಯ ಮೇಜು ಕುರ್ಚಿಗೆ ಇಎನ್ 1729 ಅಂತ ಒಂದು ಮಾನದಂಡ ಇದೆ. ಅದರ ಪ್ರಕಾರ 76 ಸೆಂಟಿಮೀಟರ್, ಅಂದರೆ ನಮ್ಮ ಇದೇ 30 ಇಂಚಿನ ಮೇಜು, 159 ಸೆಂಟಿಮೀಟರ್‌ಗಿಂತ ಎತ್ತರ ಇರುವವರಿಗೆ. ಸುಮಾರು ಐದು ಅಡಿ ಮೂರು ಇಂಚಿನಿಂದ ಶುರು. ನಮ್ಮಲ್ಲಿ ಎಷ್ಟೋ ಅಮ್ಮಂದಿರಿಗೇ ಅದು ಜಾಸ್ತಿ. ನಾಲ್ಕು ಅಡಿಯ ಮಗುವಿಗೆ ಅದೇ ಪಟ್ಟಿಯಲ್ಲಿ ಮೇಜು 59 ಸೆಂಟಿಮೀಟರ್, ಕುರ್ಚಿಯ ಸೀಟು 35. ಇಂಚಿನಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ 23 ಮತ್ತು 14. ನಮ್ಮ ಮಕ್ಕಳ ಮೈಕಟ್ಟು ಸ್ವಲ್ಪ ಬೇರೆ ಇರಬಹುದು, ಇದನ್ನು ಅಂದಾಜು ಅಂತಲೇ ಇಟ್ಟುಕೊಳ್ಳಿ. ಆದರೂ 23 ಎಲ್ಲಿ, 30 ಎಲ್ಲಿ!

ಬೇಕಾದ್ದಕ್ಕಿಂತ ಏಳು ಇಂಚು ಜಾಸ್ತಿ ಎತ್ತರದ ಮೇಜಿನ ಮುಂದೆ ಮಗು ಕೂತಾಗ ಏನಾಗುತ್ತದೆ ಅಂತ ಒಂದು ಸಲ ಪಕ್ಕದಲ್ಲಿ ನಿಂತು ನೋಡಿ. ಮೊಣಕೈ ಮೇಜಿನ ಮೇಲೆ ಬರಬೇಕಾದರೆ ಭುಜ ಕಿವಿ ಹತ್ತಿರ ಏರಬೇಕು. ಪುಸ್ತಕ ಹೆಚ್ಚುಕಡಿಮೆ ಎದೆಯ ಮಟ್ಟಕ್ಕೆ ಇರುತ್ತದೆ, ಹಾಗಾಗಿ ಕಣ್ಣಿಗೂ ಅಕ್ಷರಕ್ಕೂ ಒಂದು ಗೇಣು ಅಂತರವೂ ಉಳಿಯುವುದಿಲ್ಲ. ಕಾಲು ನೇತಾಡುತ್ತಿರುತ್ತದೆ. ನೇತಾಡುವ ಕಾಲಿನ ಭಾರ ತೊಡೆಯ ಕೆಳಗೆ ಬೀಳುತ್ತದೆ, ಸೀಟಿನ ಅಂಚು ಮಂಡಿಯ ಹಿಂದೆ ಒತ್ತುತ್ತದೆ, ಮಗು ಮುಂದೆ ಜಾರುತ್ತದೆ, ಬೆನ್ನು ಕುರ್ಚಿಯನ್ನು ಬಿಡುತ್ತದೆ. ಆಮೇಲೆ ಒಂದು ಕಾಲು ಮಡಚಿ ಅದರ ಮೇಲೆ ಕೂರುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದು ಕಾಲು, ಆಮೇಲೆ ಎದ್ದು ನೀರು ಕುಡಿಯಲು ಹೋಗುತ್ತದೆ. ಮನೆಯವರು "ಒಂದು ಕಡೆ ಕೂರಲ್ಲ, ಬಲು ಚಂಚಲ" ಅನ್ನುತ್ತಾರೆ. ಕೂರಲು ಎಲ್ಲಿ ಬಿಟ್ಟಿದ್ದೀರಿ?

ವಿಜಯನಗರದ ಒಂದು ಮನೆ. ಮಗಳು ಮೂರನೇ ಕ್ಲಾಸು. ಬೇರೆಯವರು ಮಾಡಿಕೊಟ್ಟಿದ್ದ ಸ್ಟಡಿ ಯೂನಿಟ್, ಗೋಡೆ ತುಂಬ. ಗುಲಾಬಿ ಮೈಕಾ, ಡ್ರಾಯರಿಗೆ ಚಿಟ್ಟೆಯ ಹಿಡಿಕೆ, ಮೇಲೆ ಪ್ರಪಂಚದ ನಕ್ಷೆ. ಹುಡುಗಿ ಮಾತ್ರ ಹಾಲಿನಲ್ಲಿ ಟೀಪಾಯ್ ಮುಂದೆ ಮಂಡಿಯೂರಿ, ಹಿಮ್ಮಡಿ ಮೇಲೆ ಕೂತು ಬರೆಯುತ್ತಿದ್ದಳು. ಅವರಮ್ಮ ನನ್ನನ್ನು ಕರೆಸಿದ್ದು ಬಣ್ಣ ಬದಲಾಯಿಸಲು. "ಅವಳಿಗೆ ಆ ಕಲರ್ ಹಿಡಿಸ್ತಿಲ್ಲ ಅನ್ಸುತ್ತೆ." ನಾನು ಟೇಪ್ ತೆಗೆದೆ. ಟೀಪಾಯ್ 16 ಇಂಚು. ಹಿಮ್ಮಡಿ ಮೇಲೆ ಕೂತ ಆ ಹುಡುಗಿಯ ಮೊಣಕೈ ಅದಕ್ಕಿಂತ ಒಂದೆರಡು ಬೆರಳು ಕೆಳಗೆ. ಮನೆಯಲ್ಲಿ ತನಗೆ ಹೊಂದುವ ಒಂದೇ ಒಂದು ಮೇಜನ್ನು ಮಗು ತಾನೇ ಹುಡುಕಿಕೊಂಡಿತ್ತು. ಅಲ್ಲೇ ಪೇಪರ್ ಓದುತ್ತಿದ್ದ ತಾತ, "ನಾವೆಲ್ಲ ನೆಲದ ಮೇಲೆ ಕೂತು ಓದಿಲ್ವಾ ತಾಯಿ?" ಅಂದರು. ಓದಿದ್ದಾರೆ, ಸರಿಯಾಗಿಯೇ ಓದಿದ್ದಾರೆ. ವ್ಯಾಸಪೀಠದ ಮೇಲೆ ಪುಸ್ತಕ ಇಟ್ಟು ಓದುತ್ತಿದ್ದವರ ಕತ್ತು ಇಷ್ಟು ಬಗ್ಗುತ್ತಿರಲಿಲ್ಲ. ಚಕ್ಕಳಮಕ್ಕಳ ಕೂತು, ಮುಂದೆ ಗಿಡ್ಡ ಇಳಿಜಾರು ಡೆಸ್ಕ್ ಇಟ್ಟುಕೊಂಡರೆ ಇವತ್ತಿಗೂ ಏನೂ ತಪ್ಪಿಲ್ಲ.

ಈಗಾಗಲೇ 30 ಇಂಚಿನ ಮೇಜು ಮಾಡಿಸಿದ್ದೀರಾ? ಒಡೆಯಬೇಡಿ. ಮೇಜು ಏಳು ಇಂಚು ಜಾಸ್ತಿ ಎತ್ತರ ಇದ್ದರೆ ಮಗುವಿನ ಸೀಟನ್ನೂ ಏಳು ಇಂಚು, ಅಂದರೆ 14ರಿಂದ 21ಕ್ಕೆ ಏರಿಸಬೇಕು, ನೆಲವನ್ನೂ ಏಳು ಇಂಚು ಏರಿಸಬೇಕು. ಸೀಟು ಏರಿಸುವುದು ಎಲ್ಲರಿಗೂ ಹೊಳೆಯುತ್ತದೆ. ಒಂದು ದಿಂಬು ಹಾಕಿ "ಈಗ ಸರಿಯಾಯ್ತು" ಅನ್ನುತ್ತಾರೆ. ಸರಿಯಾಗಲಿಲ್ಲ! ದಿಂಬು ಹಾಕಿದಷ್ಟೂ ಕಾಲು ಇನ್ನೂ ಮೇಲೆ ಹೋಯಿತು. ನಾನು ಹತ್ತು ಸಲ ಹೇಳಿದರೂ ಜನ ಬಿಡುವುದು ಇದನ್ನೇ: ನೆಲ, ಕಾಲಿಡುವ ನೆಲ. ಮಾಮೂಲಿ ಕುರ್ಚಿ 18 ಇಂಚು ಇರುತ್ತದೆ, ಅದರ ಮೇಲೆ ಕೂತರೆ ಕುಗ್ಗದಂಥ ಗಟ್ಟಿ ಫೋಮ್ ಮೂರು ಇಂಚು ಹಾಕಿ. ಕಾಲ ಕೆಳಗೆ ಏಳು ಇಂಚಿನ ಸ್ಟೂಲೋ, ಮರದ ಪೆಟ್ಟಿಗೆಯೋ ಇಡಿ. ಮನೆಯಲ್ಲಿ ಹಳೇ ಮಣೆ ಇದ್ದರೆ ಪೆಟ್ಟಿಗೆ ಮೇಲೆ ಕೂರಿಸಿ. ಬರೀ ಮಣೆ ಸಾಲದು, ಅದು ಎರಡು ಇಂಚು ಇದ್ದರೆ ಹೆಚ್ಚು. ಎರಡೂ ಪಾದ ಪೂರ್ತಿ ಊರಬೇಕು, ಬರೀ ಹೆಬ್ಬೆರಳು ತಾಗಿದರೆ ಆಗಲಿಲ್ಲ. ವಿಜಯನಗರದಲ್ಲಿ ನಾವು ಮಾಡಿದ್ದೂ ಇಷ್ಟೇ. ಮೇಜಿನ ಎರಡು ಪಕ್ಕದ ಹಲಗೆಗಳಿಗೆ ಮೂರು ಮಟ್ಟದಲ್ಲಿ ತೂತು ಕೊರೆದು, ಕಾಲಿಡಲು ಒಂದು ಹಲಗೆ ಕೂರಿಸಿದೆವು. ಮಗು ಬೆಳೆದ ಹಾಗೆ ಹಲಗೆ ಕೆಳಗಿಳಿಯುತ್ತದೆ. ಆಮೇಲೆ ಆ ಹುಡುಗಿ ಫಸ್ಟ್ ಬಂದಳು ಅಂತೆಲ್ಲ ನಾನು ಹೇಳುವುದಿಲ್ಲ. ಅಲ್ಲಿ ಕೂರುತ್ತಾಳೆ, ಅಷ್ಟೇ.

ಒಂದು ತೊಡಕಿದೆ. ತೊಡೆಯ ಮೇಲೆಯೇ ಡ್ರಾಯರ್ ಅಥವಾ ಕೀಬೋರ್ಡ್ ಟ್ರೇ ಇದ್ದರೆ, ಸೀಟು ಏರಿಸಿದ ಕೂಡಲೇ ತೊಡೆ ಅದಕ್ಕೆ ಬಡಿಯುತ್ತದೆ. ಆ ಡ್ರಾಯರ್ ತೆಗೆಸಿ. ಹೇಗಿದ್ದರೂ ಅದರಲ್ಲಿ ಒಣಗಿದ ಸ್ಕೆಚ್ ಪೆನ್ನು ಬಿಟ್ಟು ಬೇರೇನೂ ಇರುವುದಿಲ್ಲ.

ಚಕ್ರದ ಕುರ್ಚಿಯೂ ಬೇಡ. ಆನ್‌ಲೈನ್ ಕ್ಲಾಸ್ ಕಾಲದಲ್ಲಿ ತಂದ ಆಫೀಸ್ ಕುರ್ಚಿಗಳು ಮನೆಮನೆಯಲ್ಲಿವೆ. ಕಾಲು ಊರಿ ಒತ್ತಿದರೆ ಹಿಂದೆ ಓಡುತ್ತವೆ, ಊರದಿದ್ದರೆ ಗರಗರ ತಿರುಗುತ್ತವೆ. ಸೀಟು ಉದ್ದ ಜಾಸ್ತಿಯಾಗಿ ಬೆನ್ನು ಒರಗದಿದ್ದರೆ ಹಿಂದೆ ಒಂದು ದಿಂಬು ಕೊಡಿ. ದಿಂಬಿಗೆ ಸರಿಯಾದ ಜಾಗ ಅದು.

ಹೊಸದಾಗಿ ಮಾಡಿಸುವವರಿಗೆ ನಾನು ಹೇಳುವುದು ದಿನಸಿ ಅಂಗಡಿಯ ಗೋಡೆ ನೋಡಿ ಅಂತ. ಉದ್ದಕ್ಕೂ ತೂತಿರುವ ಕಬ್ಬಿಣದ ಪಟ್ಟಿ, ಅದಕ್ಕೆ ಸಿಕ್ಕಿಸುವ ಬ್ರಾಕೆಟ್, ಮೇಲೆ ಹಲಗೆ. ಮೇಜನ್ನೂ ಹಾಗೇ ಮಾಡಬಹುದು, ಪ್ರತಿ ಜೂನಿಗೆ ಒಂದು ತೂತು ಮೇಲೆ. ಚಂದ ಕಾಣಲ್ಲ ಅನ್ನುತ್ತಾರೆ. ಸ್ವಲ್ಪ ಹಾಗೇ, ಒಪ್ಪುತ್ತೇನೆ. ಬಾಡಿಗೆ ಮನೆಯವರಿಗೆ ಇದು ಆಗುವುದಿಲ್ಲ. ಡ್ರಿಲ್ ಸದ್ದು ಕೇಳಿದರೆ ಓನರ್ ಮೇಲಿನ ಮಹಡಿಯಿಂದ ಇಳಿದು ಬರುತ್ತಾರೆ, ಖಾಲಿ ಮಾಡುವಾಗ ಅಡ್ವಾನ್ಸಿನಲ್ಲಿ ಒಂದೊಂದು ತೂತಿಗೂ ಲೆಕ್ಕ ಹಿಡಿಯುತ್ತಾರೆ. ಅವರಿಗೆ ಸ್ಟೂಲೇ ಗತಿ, ಮನೆ ಬದಲಾಯಿಸಿದಾಗ ಹೊತ್ತುಕೊಂಡು ಹೋಗಲೂ ಸುಲಭ.

ಬೆಳಕಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಬಲಗೈಯಲ್ಲಿ ಬರೆಯುವ ಮಗುವಿಗೆ ಎಡದಿಂದ, ಎಡಗೈಯವರಿಗೆ ಬಲದಿಂದ. ಮೇಜಿನ ಮೇಲ್ಭಾಗಕ್ಕೆ ಹೊಳೆಯುವ ಮೈಕಾ ಬೇಡ, ಮ್ಯಾಟ್ ಇರಲಿ. ದೀಪದ ಪಾಯಿಂಟನ್ನು ಯುಪಿಎಸ್ ಲೈನಿಗೆ ಕೊಡಿಸಿ, ಏಪ್ರಿಲ್ ಮೇ ಮಳೆಗೆ ಕರೆಂಟು ಹೋಗುವುದು ಸಂಜೆ ಓದುವ ಹೊತ್ತಿಗೇ. ಕಣ್ಣಿಗೆ ಒಳ್ಳೆಯದಾಗುವ ಲ್ಯಾಂಪ್ ಯಾವುದು ಅಂತ ಕೇಳುತ್ತಾರೆ. ದೂರದ್ದು ಮಂಜಾಗಿ ಕಾಣುವ ಸಮಸ್ಯೆ ತಡೆಯಲು ತೈವಾನಿನವರು 2010ರಲ್ಲಿ ಲ್ಯಾಂಪ್ ಹಂಚಲಿಲ್ಲ. ಶಾಲೆ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮ ಶುರು ಮಾಡಿದರು. ನಾನು ಡಾಕ್ಟರಲ್ಲ. ಮಗು ಬೆನ್ನು ನೋವು, ತಲೆನೋವು ಅಂದರೆ, ಬೋರ್ಡ್ ಕಾಣಲ್ಲ ಅಂದರೆ, ನನ್ನನ್ನಲ್ಲ, ಡಾಕ್ಟರನ್ನು ಕೇಳಿ.

ವಾಸ್ತುವಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಪೂರ್ವಕ್ಕೆ ಮುಖ ಮಾಡಿ ಕೂತರೂ ಕಾಲು ಕೆಳಗೆ ಏನಾದರೂ ಸಿಗಲಿ ಅನ್ನುತ್ತೇನೆ.

ನೀವೇ ಪರೀಕ್ಷೆ ಮಾಡಿ. ಮಗುವನ್ನು ಕುರ್ಚಿಯ ಹಿಂದಕ್ಕೆ ಒರಗಿ ಕೂರಿಸಿ, ಭುಜ ಸಡಿಲ ಬಿಡಲಿ, ಮೊಣಕೈ ಮಡಚಲಿ. ಮೇಜು ಮೊಣಕೈ ಮಟ್ಟಕ್ಕೋ ಒಂದೆರಡು ಬೆರಳು ಮೇಲೋ ಇರಬೇಕು. ಮಂಡಿಯ ಹಿಂದೆ ಎರಡು ಮೂರು ಬೆರಳು ಹೋಗುವಷ್ಟು ಸಂದು ಇರಬೇಕು. ಹೊಸ ಮೇಜಿಗೆ ಅಳತೆ ತೆಗೆಯಲು ನಮ್ಮನ್ನು ಕರೆಯುವುದಾದರೆ ದಯವಿಟ್ಟು ಬೆಳಿಗ್ಗೆ ಹತ್ತಕ್ಕೆ ಬನ್ನಿ ಅನ್ನಬೇಡಿ. ಸ್ಕೂಲ್ ಬಸ್ ಬಂದ ಮೇಲೆ ಕರೆಯಿರಿ, ಟ್ರಾಫಿಕ್ ಇದ್ದರೂ ಬರುತ್ತೇವೆ.