ಮೊದಲು ಕಟ್ಟು, ಆಮೇಲೆ ಕುಗ್ಗಿಸು

ಲಿನಕ್ಸ್‌ನಲ್ಲಿ ಹತ್ತಾರು ಫೋಲ್ಡರ್‌ಗಳನ್ನು ಒಂದೊಂದಾಗಿ ಕಂಪ್ರೆಸ್ ಮಾಡುತ್ತಾ ಕೂರಬೇಕಿಲ್ಲ, ಮೂರು ಸಾಲಿನ ಶೆಲ್ ಸ್ಕ್ರಿಪ್ಟ್ ಸಾಕು, ಅಂದರೆ ನಮ್ಮ ಆಜ್ಞೆಗಳನ್ನು ಓದಿ ನಡೆಸುವ ಶೆಲ್ ಎಂಬ ಪ್ರೋಗ್ರಾಂಗೆ ಬರೆದಿಟ್ಟ ಆಜ್ಞೆಗಳ ಪಟ್ಟಿ. ಒಂದು ಫಾರ್ ಲೂಪ್ ಫೋಲ್ಡರ್‌ಗಳನ್ನು ಸರದಿಯಂತೆ ಎತ್ತಿಕೊಂಡು, ಫೈಲುಗಳನ್ನು ಒಂದೇ ಕಟ್ಟಾಗಿಸುವ ಟಾರ್‌ಗೆ ಕೊಡುತ್ತದೆ, ಟಾರ್ ಅದನ್ನು ಕುಗ್ಗಿಸುವ ಪ್ರೋಗ್ರಾಂ ಆದ ಜಿಜಿಪ್‌ಗೆ ದಾಟಿಸುತ್ತದೆ. ಅಷ್ಟೇ. ಆದರೆ ಈ ಇಬ್ಬರ ನಡುವೆ ಕೆಲಸ ಹಂಚಿಕೆಯಾಗಿರುವ ರೀತಿ ನನಗೆ ತುಂಬಾ ಇಷ್ಟ.

ಟಾರ್ ಏನನ್ನೂ ಕುಗ್ಗಿಸುವುದಿಲ್ಲ. ಫೈಲುಗಳನ್ನು ಟೇಪಿಗೆ ಬರೆಯಲೆಂದು 1979ರ ಯುನಿಕ್ಸ್‌ನಲ್ಲಿ ಬಂದ ಪ್ರೋಗ್ರಾಂ ಅದು. ಫೈಲುಗಳನ್ನು ಸಾಲಾಗಿ ಜೋಡಿಸಿ, ಪ್ರತಿಯೊಂದರ ಮುಂದೆ ಹೆಸರು, ಗಾತ್ರ, ಪರ್ಮಿಶನ್ ಬರೆದ 512 ಬೈಟಿನ ಚೀಟಿ ಅಂಟಿಸುತ್ತದೆ. ಗಾತ್ರ ಸ್ವಲ್ಪ ಜಾಸ್ತಿಯೇ ಆಗುತ್ತದೆ! ಕುಗ್ಗಿಸುವುದು 1992ರಲ್ಲಿ ಬಂದ ಜಿಜಿಪ್. ಅದು ಹಿಂದಿನ 32 ಕಿಲೋಬೈಟ್ ನೆನಪಿಟ್ಟುಕೊಂಡಿರುತ್ತದೆ, ಬಂದದ್ದೇ ಮತ್ತೆ ಬಂದರೆ 'ಇಷ್ಟು ಹಿಂದೆ ಹೋಗು, ಇಷ್ಟು ಬೈಟ್ ನಕಲು ಮಾಡು' ಅಂತ ಮಾತ್ರ ಬರೆಯುತ್ತದೆ. ಇದು ಝಿವ್ ಮತ್ತು ಲೆಂಪೆಲ್ 1977ರಲ್ಲಿ ಕೊಟ್ಟ ಉಪಾಯ. ಅದರ ಮೇಲೆ ಡೇವಿಡ್ ಹಫ್‌ಮನ್ 1952ರಲ್ಲಿ ತೋರಿಸಿದ ವಿಧಾನ: ಪದೇ ಪದೇ ಬರುವುದಕ್ಕೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದದ್ದು.

ಮೊದಲೇ ಕಟ್ಟಿದ್ದರ ಲಾಭ ಇಲ್ಲಿದೆ. ಕಟ್ಟುವುದನ್ನೂ ಕುಗ್ಗಿಸುವುದನ್ನೂ ತಾನೊಂದೇ ಮಾಡುವ ಜಿಪ್ ಪ್ರತಿ ಫೈಲನ್ನೂ ಬೇರೆಯಾಗಿ ಕುಗ್ಗಿಸುವುದರಿಂದ ಒಂದು ಫೈಲಿನಲ್ಲಿ ಕಂಡದ್ದು ಇನ್ನೊಂದಕ್ಕೆ ನೆರವಾಗುವುದಿಲ್ಲ. ಟಾರ್ ಕಟ್ಟಿಕೊಟ್ಟ ಸಾಲಿನಲ್ಲಿ ಜಿಜಿಪ್‌ಗೆ ಫೈಲಿನ ಗಡಿಯೇ ಕಾಣುವುದಿಲ್ಲ, ಹಾಗಾಗಿ ಒಂದೇ ಥರದ ಸಣ್ಣ ಸಣ್ಣ ಫೈಲುಗಳಿದ್ದರೆ ಒಳ್ಳೆಯ ಉಳಿತಾಯ. ಒಂದೇ ಫೈಲು ಬೇಕೆಂದಾಗ ಮಾತ್ರ ಜಿಪ್ ಬೇಗ ತೆಗೆದುಕೊಡುತ್ತದೆ.

ಕನ್ನಡದ ಬರಹ ಇಟ್ಟುಕೊಂಡವರಂತೂ ಇದನ್ನು ಬಳಸಲೇಬೇಕು. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ, ಒತ್ತು ಕಾಗುಣಿತ ಸೇರಿ, 3 ಬೈಟ್ ಬೇಕು. ಇಂಗ್ಲಿಷ್ ಅಕ್ಷರಕ್ಕೆ 1 ಸಾಕು. ಆದರೆ ಆ ಮೂರರಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಈ ಪುನರಾವರ್ತನೆಯನ್ನು ಜಿಜಿಪ್ ಚೆನ್ನಾಗಿ ಹಿಂಡಿ ತೆಗೆಯುತ್ತದೆ. ಮೊಬೈಲ್ ಫೋಟೋಗಳ ಫೋಲ್ಡರ್ ಕೊಟ್ಟರೆ ಸುಮ್ನೆ ಸಮಯ ಹಾಳು, ಜೆಪೆಗ್ ರೂಪದ ಫೋಟೋ ಮೊದಲೇ ಕುಗ್ಗಿರುತ್ತದೆ.

ಮೂಲ ಫೋಲ್ಡರ್ ಅಳಿಸುವ ಸಾಲನ್ನೂ ಸ್ಕ್ರಿಪ್ಟಿಗೆ ಸೇರಿಸುವ ಆಸೆ ಸಹಜ, ಅಲ್ವಾ? ಆಗ ಟಾರ್ ಆಜ್ಞೆಗೂ ಅಳಿಸುವ ಆಜ್ಞೆಗೂ ನಡುವೆ ಎರಡು ಆಂಪರ್‌ಸ್ಯಾಂಡ್ (&&) ಇರಲೇಬೇಕು, ಏಕೆಂದರೆ ಅವು ಇದ್ದಾಗ ಡಿಸ್ಕ್ ತುಂಬಿ ಟಾರ್ ಅರ್ಧಕ್ಕೇ ನಿಂತರೆ ಅದು ಸೊನ್ನೆಯಲ್ಲದ ಸಂಖ್ಯೆ ಹಿಂತಿರುಗಿಸುತ್ತದೆ, ಶೆಲ್ ಮುಂದಿನ ಆಜ್ಞೆ ನಡೆಸುವುದಿಲ್ಲ. ಫೋಲ್ಡರ್ ಹೆಸರಿನ ಸುತ್ತ ಕೋಟ್ ಚಿಹ್ನೆ (" ") ಹಾಕಿ. ಹೆಸರಿನಲ್ಲಿ ಸ್ಪೇಸ್ ಇದ್ದು ಕೋಟ್ ಇಲ್ಲದಿದ್ದರೆ ಶೆಲ್ ಅದನ್ನು ಎರಡು ಹೆಸರೆಂದು ಓದುತ್ತದೆ, ನೀವು ಹೇಳದೇ ಇದ್ದ ಫೋಲ್ಡರ್ ಅಳಿಸಿಹೋಗಬಹುದು.